ಓಮಾಳ ಚಾಕಲೇಟು, ಡ್ಯಾಡಿಯ ಮಿಠಾಯಿ

ನನ್ನ ಮೊಮ್ಮಗಳು ಟೆಸ್ಸಾ ಅಮೆರಿಕದಿಂದ ನಮ್ಮ ಮನೆಗೆ ಬಂದಿಳಿದ ಸಂಜೆಯೇ ನನ್ನ ಚಾಕಲೇಟನ್ನು ಬೇಡ ಅಂದಳು. ಬೇಡ ಅಂದದ್ದಾದರೂ ಹೇಗೆ? ಬಾಯಿ ಬಿಟ್ಟು ಹೇಳಲಿಲ್ಲ. ಎರಡು ಬೆರಳಿನಿಂದ ತಟ್ಟೆಯನ್ನು ಮೇಜಿನ ಆ ತುದಿಗೆ ತಳ್ಳಿದಳು. ಬೆನ್ನಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದು, ಅದರೊಳಗಿನ ಕೆಂಪು ಮಿಠಾಯಿಯೊಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಕೂತಳು. ನನ್ನ ತಟ್ಟೆಯಲ್ಲಿದ್ದದ್ದೇನು ಸಾಮಾನ್ಯವೇ? ಇಡಿ ಇಡೀ ಹೇಜಲ್ ಬೀಜ ಹುದುಗಿಸಿದ, ಮುರಿದರೆ ಟಕ್ ಅನ್ನುವ ಹಾಲಿನ ಚಾಕಲೇಟು. ನಮ್ಮ ಬೀದಿಯ ಮಕ್ಕಳಿಗೆ ಅದರ ಒಂದು ಚೂರು ತೋರಿಸಿದರೆ ಹೆತ್ತವರನ್ನೇ ಬಿಟ್ಟು ಹಿಂದೆ ಬರುತ್ತವೆ.

ನಾನು ಗೆರ್ಲಿಂಡೆ, ಟೆಸ್ಸಾಳಿಗೆ ಓಮಾ, ಅಂದರೆ ಅಜ್ಜಿ. ಬಸ್ಸು ಓಡಿಸಿದವಳು. ನಮ್ಮ ಊರಿಂದ ಕೈಸರ್ಸ್‌ಲೌಟರ್ನ್‌ಗೆ ಹೋಗುವ ದಾರಿಯಲ್ಲಿ ಕುಡಿದು ಹತ್ತಿದವರನ್ನೂ, ಟಿಕೆಟ್ ತೆಗೆಸದೆ ಕೂತವರನ್ನೂ, ಜಗಳಕ್ಕೆ ಬಂದ ಸಿಪಾಯಿಗಳನ್ನೂ ಒಂದೇ ಗದರಿಕೆಯಲ್ಲಿ ಸುಮ್ಮನಾಗಿಸಿದವಳು. ಈ ಗಿಡ್ಡಿಯ ಮುಂದೆ ಮಾತ್ರ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದೆ.

ನನ್ನ ಮಗಳು ಸಿಲ್ಕೆ ಮದುವೆಯಾದದ್ದು ಇಲ್ಲಿನ ಅಮೆರಿಕನ್ ಸೇನಾನೆಲೆಯಲ್ಲಿ ಟ್ರಕ್ ರಿಪೇರಿ ಮಾಡುತ್ತಿದ್ದ ಡಾರೆಲ್‌ನನ್ನು. ಅವನಿಗೆ ಟೆಕ್ಸಸ್‌ಗೆ ವರ್ಗವಾಯಿತು, ಇವಳೂ ಹೊರಟಳು. ಅಲ್ಲಿ ಇಬ್ಬರಿಗೂ ಏನೋ ಹೊಂದಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅಷ್ಟೇ. ಸಿಲ್ಕೆ ಮಗುವನ್ನು ಕರೆದುಕೊಂಡು ನನ್ನ ಮನೆಗೆ ಬಂದಳು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಹಿಡಿದಳು. ತಪ್ಪು ಯಾರದು ಅಂತ ನಾನು ಕೇಳಲಿಲ್ಲ. ಕೇಳದೆಯೇ ಅದನ್ನು ಡಾರೆಲ್‌ನ ತಲೆಗೆ ಕಟ್ಟಿದೆ. ತಾಯಿ ಅಂದಮೇಲೆ ಇನ್ನೇನು ಮಾಡುತ್ತಾಳೆ?

ಅವನು ಪ್ರತಿ ತಿಂಗಳೂ ಮಗಳಿಗೆ ಒಂದು ಪಾರ್ಸಲ್ ಕಳಿಸುತ್ತಿದ್ದ. ಬಣ್ಣಬಣ್ಣದ ಹಣ್ಣಿನ ಮಿಠಾಯಿ, ಹಲ್ಲಿಗೆ ಅಂಟುವ ಎಳೆಮಿಠಾಯಿ, ಕಡಲೆಕಾಯಿ ಬೆಣ್ಣೆ ತುಂಬಿದ ಬಿಲ್ಲೆಗಳು. ಒಮ್ಮೆ ಅದರಲ್ಲೊಂದು ಕಂದು ಬಾರ್ ಇತ್ತು. ಚಾಕಲೇಟಂತೆ! ನಾನು ಮೂಸಿ ನೋಡಿದೆ.

"ಥೂ, ಒಡೆದ ಹಾಲಿನ ವಾಸನೆ. ಇದನ್ನ ತಿಂತಾರಾ, ಇಲ್ಲಾ ಇದ್ರಲ್ಲಿ ಬೂಟ್ಸು ಉಜ್ತಾರಾ?" ಅಂದೆ.

"ಅಮ್ಮಾ, ಮಗು ಕೇಳಿಸ್ಕೊಳ್ತಿದೆ," ಅಂದಳು ಸಿಲ್ಕೆ.

ಮಗು ಕೇಳಿಸಿಕೊಂಡಿತ್ತು. ಆ ಬಾರನ್ನು ನನ್ನ ಕೈಯಿಂದ ಕಿತ್ತುಕೊಂಡು ಡಬ್ಬಿಗೆ ಸೇರಿಸಿ, ಡಬ್ಬಿಯ ಸಮೇತ ಮಂಚದ ಕೆಳಗೆ ತೂರಿಕೊಂಡಿತು.

ಡಿಸೆಂಬರಿನಲ್ಲಿ ಸಂತ ನಿಕೊಲಾಸನ ಹಬ್ಬ, ಮಕ್ಕಳ ಬೂಟಿನಲ್ಲಿ ಸಿಹಿ ಇಡುವ ದಿನ. ಅವಳ ಬೂಟಿನಲ್ಲಿ ಚಾಕಲೇಟಿನ ನಿಕೊಲಾಸನನ್ನು ಇಟ್ಟೆ. ಅವಳು ಅವನನ್ನು ಶೆಲ್ಫಿನ ಮೇಲೆ ನಿಲ್ಲಿಸಿದಳು. ಈಸ್ಟರಿಗೆ ಬಂಗಾರದ ಕಾಗದ ಸುತ್ತಿದ ಚಾಕಲೇಟು ಮೊಲವನ್ನು ತಂದೆ. ಅದನ್ನೂ ಅಲ್ಲೇ ನಿಲ್ಲಿಸಿದಳು. ಗಡ್ಡದ ಸಂತನೂ ಕಿವಿ ನಿಮಿರಿಸಿದ ಮೊಲವೂ ಅಕ್ಕಪಕ್ಕ ನಿಂತು, ಬಸ್ಸಿಗೆ ಕಾಯುವವರ ಹಾಗೆ ನನ್ನ ಮುಖ ನೋಡುತ್ತಿದ್ದರು.

ಆಮೇಲೊಂದು ಮಧ್ಯಾಹ್ನ ತೊಳೆದ ಬಟ್ಟೆ ಹರವಿ ಅಡುಗೆಮನೆಗೆ ಬಂದರೆ, ಟೆಸ್ಸಾ ನನ್ನ ಚಾಕಲೇಟಿನ ಡ್ರಾಯರ್ ಎಳೆದುಕೊಂಡು ನಿಂತಿದ್ದಾಳೆ. ಒಂದು ಬಾರಿನ ಕಾಗದ ಸ್ವಲ್ಪವೇ ಬಿಚ್ಚಿದೆ. ಮೂಗನ್ನು ಅದಕ್ಕೆ ಒತ್ತಿಕೊಂಡು ಉಸಿರು ಎಳೆದುಕೊಳ್ಳುತ್ತಿದ್ದಾಳೆ. ನನ್ನನ್ನು ಕಂಡವಳೇ ಡ್ರಾಯರನ್ನು ಧಡ್ ಎಂದು ಮುಚ್ಚಿದಳು.

"ನಾನು ತಿಂದಿಲ್ಲ," ಅಂದಳು.

"ತಿಂದ್ರೆ ಯಾರೂ ಬೈಯಲ್ಲ ಪುಟ್ಟಾ. ನಿನಗೋಸ್ಕರಾನೇ ತಂದಿದ್ದು."

"ಬೇಡ ಓಮಾ."

"ಇಷ್ಟ ಇಲ್ವಾ?"

ಅವಳು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. ಅಳು ಬರುವ ಮುಂಚೆ ಅವಳ ಅಮ್ಮನೂ ಹಾಗೇ ಮಾಡುತ್ತಿದ್ದಳು.

"ಇಲ್ಲಿಂದು ಇಷ್ಟ ಆಗ್ಬಿಟ್ರೆ ನಾನು ಇಲ್ಲೇ ಇರ್ತೀನಿ ಅಂದ್ಕೊಳ್ತಾನೆ ಡ್ಯಾಡಿ. ಆಮೇಲೆ ನನ್ನ ಕರ್ಕೊಂಡು ಹೋಗೋಕೆ ಬರಲ್ಲ."

ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ. ಇಷ್ಟು ತಿಂಗಳೂ ನಾನು ಇದನ್ನು ಹಟ ಅಂದುಕೊಂಡಿದ್ದೆ. ಹಟವೇ ಆಗಿದ್ದರೆ ನನ್ನದೂ ಇತ್ತು, ಜಟಾಪಟಿ ನಡೆಸಬಹುದಿತ್ತು. ಈ ಪ್ರಾಣಿ ಆಸೆಯನ್ನು ಮೂಗಿನಲ್ಲೇ ತೀರಿಸಿಕೊಂಡು ಬಾಯಿಗೆ ಬೀಗ ಹಾಕಿಕೊಂಡಿದೆ, ಅಪ್ಪ ಬರಲಿ ಅಂತ. ಇನ್ನು ಈ ಊರಿನ ಯಾವ ಸುಖವನ್ನೂ ಇದು ಮುಟ್ಟುವುದಿಲ್ಲ. ಅಪ್ಪ ಬರುವುದಿಲ್ಲ ಅನ್ನುವುದು ದೊಡ್ಡವರಿಗೆಲ್ಲ ಗೊತ್ತಿತ್ತು. ಅವಳಿಗೆ ಅದನ್ನು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಆಗಸ್ಟ್ ಬಂತು, ಟೆಸ್ಸಾ ಒಂದನೇ ಕ್ಲಾಸಿಗೆ ಸೇರುವ ದಿನ ಹತ್ತಿರವಾಯಿತು. ನಮ್ಮಲ್ಲಿ ಮಗು ಶಾಲೆಗೆ ಕಾಲಿಡುವ ದಿನ ಅಂದರೆ ಮದುವೆಯಷ್ಟೇ ಗಲಾಟೆ. ಕಡಲೆಕಾಯಿ ಕಟ್ಟಿಕೊಡುವ ಪೊಟ್ಟಣದ ಆಕಾರದಲ್ಲೇ, ಆದರೆ ಮಗುವಿನ ಎದೆಯೆತ್ತರಕ್ಕೆ ಬರುವಂಥ ರಟ್ಟಿನ ಪೊಟ್ಟಣ ಮಾಡಿ, ಅದರ ತುಂಬ ಸಿಹಿ ತುಂಬಿ, ಬಾಯಿಗೆ ರಿಬ್ಬನ್ ಕಟ್ಟಿ ಕೈಗೆ ಕೊಡುತ್ತೇವೆ. ಮಗು ಅದನ್ನು ತಬ್ಬಿಕೊಂಡೇ ಶಾಲೆಗೆ ಹೋಗಬೇಕು, ಮನೆಗೆ ಬಂದಮೇಲೇ ಬಿಚ್ಚಬೇಕು. ನನ್ನ ಪೊಟ್ಟಣದ ಬಣ್ಣ ನನಗೆ ಇವತ್ತಿಗೂ ನೆನಪಿದೆ.

"ನಂಗೆ ಆರ್ಮಡಿಲ್ಲೊ ಬೇಕು ಪೊಟ್ಟಣದ ಮೇಲೆ," ಅಂದಳು ಟೆಸ್ಸಾ.

ಅದು ಬೆನ್ನ ಮೇಲೆ ಚಿಪ್ಪು ಹೊತ್ತು ತಿರುಗುವ ಟೆಕ್ಸಸ್ಸಿನ ಪ್ರಾಣಿಯಂತೆ. ಬೀದಿಯ ಮಿಕ್ಕ ಮಕ್ಕಳಿಗೆ ಕುದುರೆ, ರಾಕೆಟ್ಟು ಸಾಕಾಗಿತ್ತು. ನಾನು ಬೂದು ಬಟ್ಟೆ ಕತ್ತರಿಸಿ, ಹೊಲಿದು, ಅಂಟಿಸಿದೆ. ನೋಡಿದರೆ ಮೊಳಕೆ ಬಂದ ಆಲೂಗಡ್ಡೆಯ ಹಾಗಿತ್ತು. ಟೆಸ್ಸಾ ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿ, "ಬಾಲ ಸರಿಯಾಗಿದೆ," ಅಂತ ಪಾಸು ಮಾಡಿದಳು. ಆಮೇಲೆ ತನ್ನ ಷರತ್ತು ಹೇಳಿದಳು. ಪೊಟ್ಟಣದೊಳಗೆ ಡ್ಯಾಡಿ ಕಳಿಸಿದ ಮಿಠಾಯಿ ಮಾತ್ರ ಇರಬೇಕು. ಓಮಾಳ ಚಾಕಲೇಟು ಒಂದೇ ಒಂದು ಇದ್ದರೂ ತಾನು ಅದನ್ನು ಹಿಡಿಯುವುದಿಲ್ಲ.

"ಆಯ್ತು ಮಾರಾಯ್ತಿ, ಆಯ್ತು," ಅಂದೆ. ಆ ದಿನಕ್ಕಾಗಿಯೇ ಕಾದಿಟ್ಟ ಬಾರುಗಳು ಡ್ರಾಯರಿನಲ್ಲಿ ಮಲಗಿದ್ದವು.

ಸಿಲ್ಕೆ ಡಾರೆಲ್‌ಗೆ ಫೋನಿನಲ್ಲಿ ಹೇಳಿದಳು. ಶಾಲೆಯ ಮೊದಲ ದಿನ ಬರ್ತಾ ಇದೆ, ಅವಳಿಗೆ ಬೇಕಾದ್ದನ್ನ ಕಳಿಸು, ಈ ಸಲ ದೊಡ್ಡ ಪಾರ್ಸಲ್ ಇರಲಿ ಅಂದಳು. ಅವನೂ ಖುಷಿಯಿಂದ ಒಪ್ಪಿದ. ಪಾರ್ಸಲ್ಲು ಶಾಲೆಗೆ ಸೇರುವ ಹಿಂದಿನ ದಿನ ಬಂತು. ನಿಜಕ್ಕೂ ದೊಡ್ಡದೇ. ಟೆಸ್ಸಾ ಪಕ್ಕದ ಮನೆಯಲ್ಲಿ ಆಡುತ್ತಿದ್ದಳು. ಸಿಲ್ಕೆ ಕತ್ತರಿ ತಂದು ಬಿಚ್ಚಿದಳು.

ಒಳಗೆ ಪೆನ್ಸಿಲ್ಲು, ಗೋಂದಿನ ಕಡ್ಡಿ, ಮೊಂಡು ಕತ್ತರಿ, ಕೈ ಒರೆಸುವ ಒದ್ದೆ ಕಾಗದ. ಅದರ ಕೆಳಗೆ ಮೂಗು ಒರೆಸುವ ಟಿಶ್ಯೂ, ಪೆಟ್ಟಿಗೆಗಟ್ಟಲೆ ಟಿಶ್ಯೂ. ತಳ ಕೆದಕಿದರೂ ಒಂದು ಮಿಠಾಯಿ ಇಲ್ಲ.

"ಇವನಿಗೇನು ತಲೆ ಕೆಟ್ಟಿದೆಯಾ!" ನಾನು ಕಿರುಚಿದೆ. "ಮಗು ಶಾಲೆಗೆ ಹೋಗೋದೇನು ಅಳೋದಕ್ಕಾ?"

ಸಿಲ್ಕೆ ಹಣೆ ಹಿಡಿದುಕೊಂಡು ಕೂತುಬಿಟ್ಟಳು. "ಅವನ ತಪ್ಪಲ್ಲಮ್ಮಾ. ಅಲ್ಲಿ ಮೊದಲನೇ ದಿನ ಮಕ್ಕಳು ತಗೊಂಡು ಹೋಗೋದೇ ಇದನ್ನ. ಟೀಚರ್ ಕೈಗೆ ಕೊಡ್ಬೇಕು, ಇಡೀ ಕ್ಲಾಸಿಗೆ ಅಂತ. ಸಿಹಿ ತಗೊಂಡು ಹೋದ್ರೆ ವಾಪಸ್ ಕಳಿಸ್ತಾರೆ. ನಾನು ಪೊಟ್ಟಣ ಅಂತ ಬಿಡಿಸಿ ಹೇಳ್ಲೇ ಇಲ್ಲ. ಗೊತ್ತಿರತ್ತೆ ಅಂದ್ಕೊಂಡೆ. ಇಲ್ಲಿ ಯಾರಿಗೆ ಗೊತ್ತಿಲ್ಲ ಹೇಳು?"

ಸಿಟ್ಟು ಮಾಡಲು ಯಾರೂ ಸಿಗದಿದ್ದರೆ ಸಿಟ್ಟು ಎಲ್ಲಿಗೆ ಹೋಗಬೇಕು? ನಾನು ಕೋಟು ಹಾಕಿಕೊಂಡೆ. ಆಗಸ್ಟಿನ ಬಿಸಿಲಿನಲ್ಲಿ ಕೋಟು! ಅರ್ಧ ದಾರಿಯಲ್ಲಿ ಅದನ್ನು ತೆಗೆದು ತೋಳಿಗೆ ಹಾಕಿಕೊಂಡು, ಸೇನಾನೆಲೆಗೆ ಹೋಗುವ ರಸ್ತೆಯಲ್ಲಿರುವ ಕ್ಲೈಡನ ಅಂಗಡಿಗೆ ನಡೆದೆ. ಆ ಅಂಗಡಿಯ ಮುಂದೆ ಎಷ್ಟೋ ವರ್ಷ ಬಸ್ಸು ನಿಲ್ಲಿಸಿದ್ದೇನೆ, ಒಳಗೆ ಮಾತ್ರ ಕಾಲಿಟ್ಟವಳಲ್ಲ. ಕಿಟಕಿಯ ತುಂಬ ಅಮೆರಿಕದ ತಿಂಡಿ, ಕಣ್ಣು ಕುಕ್ಕುವ ಬಣ್ಣ. ಕ್ಲೈಡ್ ಕೂಡ ಹಿಂದೆ ಸಿಪಾಯಿಯಾಗಿದ್ದವನೇ. ನಿವೃತ್ತಿಯಾದ ಮೇಲೆ ನಮ್ಮೂರಿನವಳನ್ನು ಕಟ್ಟಿಕೊಂಡು ಇಲ್ಲೇ ಉಳಿದ ಮುದುಕ.

"ಓಹೋ, ಗೆರ್ಲಿಂಡೆ! ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?" ಅಂದ.

"ಬಾಯಿ ಮುಚ್ಕೊಂಡು ಮಿಠಾಯಿ ಕೊಡು. ಹಣ್ಣಿಂದು, ಎಳೆಯೋದು, ಕಡಲೆಕಾಯಿ ಬೆಣ್ಣೇದು. ಎಲ್ಲಾ ಕೊಡು."

"ಯಾರಿಗೆ, ನಿನಗಾ?"

"ನನಗ್ಯಾಕೆ ಬೇಕು ಆ ಮೇಣದ ಉಂಡೆ! ಮೊಮ್ಮಗಳಿಗೆ."

ಅವನು ನಗುತ್ತಾ ಚೀಲಕ್ಕೆ ತುಂಬತೊಡಗಿದ. ಆಗ ಗಲ್ಲಾಪೆಟ್ಟಿಗೆಯ ಹಿಂದೆ ನನ್ನ ಕಣ್ಣಿಗೆ ಬಿತ್ತು: ಅರ್ಧ ತಿಂದಿಟ್ಟ ಬಾರು. ನಮ್ಮದೇ, ಹೇಜಲ್ ಬೀಜದ್ದು.

"ಕಳ್ಳಾ! ಮಾರೋದು ಇದನ್ನ, ತಿನ್ನೋದು ಅದನ್ನ?"

"ಒಂದ್ಸಲ ನಿಮ್ಮದರ ರುಚಿ ಹತ್ತಿದ್ರೆ ಮುಗೀತಮ್ಮಾ. ಎಲ್ಲಾ ಸಿಪಾಯಿಗಳದ್ದೂ ಇದೇ ಕತೆ." ಅವನು ಒಂದು ಹಣ್ಣಿನ ಮಿಠಾಯಿಯನ್ನು ಬೆರಳಲ್ಲಿ ಉರುಳಿಸಿದ. "ಆದ್ರೆ ನಮ್ಮಮ್ಮ ತೀರ್ಕೊಂಡ ದಿನ ಇವನ್ನೇ ತಿಂದೆ ನೋಡು, ಒಂದು ಚೀಲ ಪೂರ್ತಿ. ಹಲ್ಲು ನೋವು ಬಂತು. ಅವತ್ತು ನಂಗೆ ರುಚಿ ಬೇಕಿರ್ಲಿಲ್ಲ."

ಗಲ್ಲಾಪೆಟ್ಟಿಗೆಯ ಪಕ್ಕ ದುಡ್ಡು ಎಣಿಸಿಟ್ಟೆ. ಕೊಟ್ಟದ್ದನ್ನು ತೆಗೆದುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಆ ಚೀಲವನ್ನು ಎದೆಗೆ ಒತ್ತಿಕೊಂಡಿದ್ದೆ ಅನ್ನುವುದು ಗೇಟು ತೆಗೆಯುವಾಗಲೇ ಗೊತ್ತಾದದ್ದು.

ಟೆಸ್ಸಾ ಸ್ನಾನಕ್ಕೆ ಇಳಿದಾಗ ನಾವಿಬ್ಬರೂ ಪೊಟ್ಟಣ ತುಂಬಿಸಿದೆವು. ಮೊದಲು ತುದಿಗೆ ಹಳೆಯ ಪೇಪರನ್ನು ಮುದ್ದೆ ಮಾಡಿ ತುರುಕಿದೆ, ನಮ್ಮಮ್ಮ ಮಾಡಿದ ಹಾಗೆ. ಇಲ್ಲದಿದ್ದರೆ ಪೊಟ್ಟಣ ಕಲ್ಲಿನಷ್ಟು ಭಾರವಾಗುತ್ತದೆ. ಅದರ ಮೇಲೆ ಮಿಠಾಯಿ ಸುರಿದೆವು.

"ಡ್ಯಾಡಿ ಕಳಿಸಿದ್ದು ಅಂತ ಸುಳ್ಳು ಹೇಳ್ತೀಯಾ?" ಸಿಲ್ಕೆ ಕೇಳಿದಳು.

"ನಾನ್ಯಾಕೆ ಹೇಳ್ಲಿ? ಅವಳು ಕೇಳಲ್ಲ, ನಾನು ಹೇಳಲ್ಲ. ಹಾವೂ ಸಾಯತ್ತೆ, ಕೋಲೂ ಮುರಿಯಲ್ಲ."

"ಅಮ್ಮಾ, ನೀನು ಅವಳನ್ನ ಇನ್ನೂ ಅರ್ಥ ಮಾಡ್ಕೊಂಡಿಲ್ಲ," ಅಂದಳು ಸಿಲ್ಕೆ. ಆದರೆ ರಿಬ್ಬನ್ ಕಟ್ಟಿದವಳು ಅವಳೇ.

ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ದೊಡ್ಡ ಮಕ್ಕಳು ಹಾಡಿದವು. ಟೀಚರ್ ಒಬ್ಬೊಬ್ಬರ ಹೆಸರು ಕರೆದರು. ಟೆಸ್ಸಾ ತನ್ನ ಆಲೂಗಡ್ಡೆ ಆರ್ಮಡಿಲ್ಲೊವನ್ನು ತಬ್ಬಿಕೊಂಡು ವೇದಿಕೆ ಹತ್ತಿದಳು. ಪೊಟ್ಟಣದ ಹಿಂದಿನಿಂದ ಅವಳ ಕಣ್ಣೆರಡೇ ಕಾಣುತ್ತಿದ್ದವು. ಪಕ್ಕದ ಹುಡುಗಿ ಏನೋ ಕೇಳಿದಳು. "ನಮ್ಮ ಡ್ಯಾಡಿ ಕಳಿಸಿದ್ದು, ಟೆಕ್ಸಸ್‌ನಿಂದ," ಅಂತ ಟೆಸ್ಸಾ ಹೇಳಿದ್ದು ನನ್ನ ಸಾಲಿನವರೆಗೂ ಕೇಳಿಸಿತು. ಎಷ್ಟು ಹೆಮ್ಮೆ ಆ ದನಿಯಲ್ಲಿ! ಸಿಲ್ಕೆ ನನ್ನ ಕಡೆ ನೋಡಿದಳು, ನಾನು ಕೈಚೀಲದೊಳಗೆ ಕನ್ನಡಕ ಹುಡುಕಿದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಮಧ್ಯಾಹ್ನ ಮನೆಗೆ ಬಂದು ಪ್ಲಮ್ ಕೇಕು ಕತ್ತರಿಸುವಷ್ಟು ಹೊತ್ತೂ ಅವಳು ತಾಳಲಿಲ್ಲ. ರಿಬ್ಬನ್ ಎಳೆದು, ಪೊಟ್ಟಣವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಮಿಠಾಯಿ ನಾಲ್ಕೂ ಕಡೆ ಉರುಳಿತು, ಕೊನೆಯಲ್ಲಿ ಪೇಪರಿನ ಮುದ್ದೆ ಬಿತ್ತು.

"ಇದೇನು ಕಸ?"

"ಕಸ ಅಲ್ಲ ಪುಟ್ಟಾ, ಎಲ್ಲಾ ಮಕ್ಕಳ ಪೊಟ್ಟಣದಲ್ಲೂ ಇರತ್ತೆ. ಸಂಪ್ರದಾಯ," ಅಂದೆ.

ಅದನ್ನು ಒಪ್ಪಿದಳು. ಮಿಠಾಯಿಗಳನ್ನು ಬಣ್ಣ ನೋಡಿ ಬೇರೆ ಮಾಡತೊಡಗಿದಳು. ಕೆಂಪು, ಹಸಿರು, ಕಿತ್ತಳೆ. ಆಮೇಲೆ ಅವಳ ಕೈ ನಿಂತಿತು. ಒಂದು ಹಳದಿ ಮಿಠಾಯಿಯನ್ನು ಎತ್ತಿ ನೋಡಿದಳು, ಇನ್ನೊಂದು ಹಳದಿಯನ್ನು ಎತ್ತಿದಳು.

"ಇದು ಡ್ಯಾಡಿ ಕಳಿಸಿದ್ದಲ್ಲ."

ಸಿಲ್ಕೆ ಕೇಕಿನ ಚಾಕು ಕೆಳಗಿಟ್ಟಳು.

"ಡ್ಯಾಡಿ ಹಳದಿ ಹಾಕಲ್ಲ. ನಂಗೆ ನಿಂಬೆಹಣ್ಣಿಂದು ಆಗಲ್ಲ ಅಂತ ಅದನ್ನೆಲ್ಲಾ ಅವನೇ ಆರಿಸ್ಕೊಂಡು ತಿಂತಾನೆ. ಯಾವಾಗ್ಲೂ." ಹಳದಿ ಎರಡನ್ನೂ ಮೇಜಿನ ಮೇಲಿಟ್ಟಳು. "ಇದನ್ನ ಯಾರು ತಂದ್ರು?"

ಸಿಲ್ಕೆ ಬಾಯಿ ತೆರೆದಳು. ನಾನು ಕೈ ಅಡ್ಡ ಹಿಡಿದೆ. ಗಾಡಿ ಓಡಿಸಿದವರೇ ಗುದ್ದಿದ್ದಕ್ಕೆ ಉತ್ತರ ಹೇಳಬೇಕು.

"ನಾನು ತಂದೆ. ಕ್ಲೈಡ್ ಅಂಗಡಿಯಿಂದ."

"ನೀನಾ? ನೀನು ಇದನ್ನ ಮೇಣ ಅಂತೀಯ."

"ಈಗ್ಲೂ ಅಂತೀನಿ."

"ಮತ್ತೆ ಯಾಕೆ ತಂದೆ?"

"ನಿಂಗೆ ಇದೇ ಬೇಕಿತ್ತಲ್ಲ, ಅದಕ್ಕೆ."

ಅವಳು ನನ್ನನ್ನೇ ನೋಡಿದಳು. ಅಳುತ್ತಾಳೆ ಅಂದುಕೊಂಡೆ, ಚೀರುತ್ತಾಳೆ ಅಂದುಕೊಂಡೆ. ಅವಳು ಅಮ್ಮನ ಕಡೆ ತಿರುಗಿ, "ಡ್ಯಾಡಿಗೆ ಫೋನ್ ಮಾಡು," ಅಂದಳು, ಅಷ್ಟೇ.

ಅಲ್ಲಿ ಆಗಿನ್ನೂ ಬೆಳಕು ಹರಿಯುತ್ತಿತ್ತು. ಫೋನಿನ ಪರದೆಯಲ್ಲಿ ಡಾರೆಲ್ ಕೆದರಿದ ಕೂದಲಲ್ಲಿ ಕಾಣಿಸಿಕೊಂಡ, ಕೈಯಲ್ಲಿ ಕಾಫಿ. ಅವನ ಕರೆ ಬಂದಾಗಲೆಲ್ಲ ಅಡುಗೆಮನೆ ಸೇರುವವಳು ನಾನು. ಇವತ್ತು ಕಾಲು ಏಳಲಿಲ್ಲ.

"ಏ ನನ್ನ ಶಾಲೆ ಹುಡುಗಿ! ಟಿಶ್ಯೂ ತಲುಪ್ತಾ? ಟೀಚರ್‌ಗೆ ಕೊಟ್ಯಾ?"

"ಯಾವ ಟಿಶ್ಯೂ?"

ಸಿಲ್ಕೆ ಎದ್ದು ಬೀರುವಿನ ಮೇಲೆ ಬಚ್ಚಿಟ್ಟಿದ್ದ ಪಾರ್ಸಲ್ ಇಳಿಸಿದಳು. ಟೆಸ್ಸಾ ಒಂದೊಂದನ್ನೇ ತೆಗೆದು ನೋಡಿದಳು. ಪೆನ್ಸಿಲ್ಲುಗಳ ಮೇಲೆ ಅವಳ ಹೆಸರು ಕೊರೆದಿತ್ತು. ಯಂತ್ರದಲ್ಲಿ ಅಲ್ಲ, ಕೈಯಲ್ಲಿ, ಚಾಕುವಿನ ಮೊನೆಯಿಂದ, ಒಂದೊಂದರ ಮೇಲೂ. ನಿನ್ನೆಯ ಸಿಟ್ಟಿನಲ್ಲಿ ನನ್ನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ.

"ಇಲ್ಲಿ ಪೊಟ್ಟಣ ಕೊಡ್ತಾರೆ ಡ್ಯಾಡಿ. ಮಿಠಾಯಿ ಹಾಕ್ಬೇಕು," ಅಂದಳು.

"ಶಾಲೆಗಾ? ಮಿಠಾಯೀನಾ?" ಅವನ ಬಾಯಿ ತೆರೆದೇ ಇತ್ತು. "ಅಯ್ಯೋ ದೇವರೇ. ನಂಗೆ ಗೊತ್ತಿರ್ಲಿಲ್ಲ ಕಂದಾ. ನಮ್ಮಕ್ಕನ ಮಗನ ಶಾಲೆಗೆ ಏನು ಬೇಕಿತ್ತೋ ಅದನ್ನೇ ಕೇಳಿ ತಂದೆ. ಹಾಗಾದ್ರೆ ಪೊಟ್ಟಣ ಖಾಲಿ ಇತ್ತಾ?"

"ಇಲ್ಲ. ಓಮಾ ತಂದ್ಲು. ನಿನ್ನ ಥರದ್ದೇ, ಆದ್ರೆ ಹಳದಿಯೂ ಇದೆ."

ಅವನು ನನ್ನನ್ನು ಹುಡುಕಿ ನೋಡಿದ. "ಥ್ಯಾಂಕ್ಯೂ ಮ್ಯಾಮ್," ಅಂದ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಅವನಿಗೆ ಮ್ಯಾಮೇ. ನಾನು ಗೋಣು ಹಾಕಿದೆ.

"ಡ್ಯಾಡಿ, ನೀನು ಓಮಾನ ಚಾಕಲೇಟು ತಿಂದಿದೀಯಾ?"

ಅವನು ನಕ್ಕುಬಿಟ್ಟ. "ತಿಂದಿದೀನಾ? ನಾನು ನಿಮ್ಮಮ್ಮನ ಮನೆಗೆ ಮೊದಲನೇ ಸಲ ಬಂದಾಗ ನಿನ್ನ ಓಮಾ ಒಂದು ತಟ್ಟೆ ತುಂಬಾ ಇಟ್ಟಿದ್ಲು. ಭಯಕ್ಕೆ ಮಾತೇ ಬರ್ಲಿಲ್ಲ ನಂಗೆ. ಮಾತಾಡೋ ಬದ್ಲು ತಿಂದೆ. ತಟ್ಟೆ ಪೂರ್ತಿ ಖಾಲಿ. ಹೊರಗೆ ಹೋಗೋವಾಗ ಅವಳು ನಿಮ್ಮಮ್ಮಂಗೆ ಹೇಳಿದ್ದು ಕೇಳಿಸ್ತು: ಈ ಹೊಟ್ಟೆಬಾಕನ್ನ ಸಾಕೋಕೆ ನಿನ್ನ ಸಂಬಳ ಸಾಲಲ್ಲ ಅಂತ."

ನಿಜ, ಅಂದಿದ್ದೆ. ಆಗ ಅವನಿಗೆ ನಮ್ಮ ಭಾಷೆ ಅಷ್ಟು ಅರ್ಥವಾಗುತ್ತದೆ ಅಂತ ನನಗೇನು ಗೊತ್ತು?

ಟೆಸ್ಸಾ ನಗಲಿಲ್ಲ. ಫೋನನ್ನು ಮುಖಕ್ಕೆ ಹತ್ತಿರ ತಂದಳು.

"ನಾನು ತಿಂದ್ರೆ... ನಂಗೆ ಇಷ್ಟ ಆಗ್ಬಿಟ್ರೆ... ನೀನು ನನ್ನ ಕರ್ಕೊಂಡು ಹೋಗೋಕೆ ಬರಲ್ವಾ?"

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಹೇಳಿ ಜಾರಿಕೊಳ್ಳುತ್ತಾನೆ ಅಂದುಕೊಂಡೆ. ಅವನು ಕಾಫಿ ಲೋಟ ಕೆಳಗಿಟ್ಟ.

"ಕರ್ಕೊಂಡು ಹೋಗೋಕೆ ಬರಲ್ಲ ಕಂದಾ," ಅಂದ. "ನಿನ್ನ ಮನೆ ಈಗ ಅದೇ. ನಿಮ್ಮಮ್ಮ, ಓಮಾ, ಶಾಲೆ, ಎಲ್ಲಾ ಅಲ್ಲೇ. ಇದನ್ನ ಮುಂಚೇನೇ ಹೇಳ್ಬೇಕಿತ್ತು, ನಂಗೆ ಹೇಳೋಕಾಗ್ಲಿಲ್ಲ. ಆದ್ರೆ ನಿನ್ನ ನೋಡೋಕೆ ಬರ್ತೀನಿ. ಕ್ರಿಸ್‌ಮಸ್‌ಗೆ ರಜೆ ಸಿಕ್ಕಿದೆ. ನಿಂಗೆ ಅಲ್ಲಿ ಇಷ್ಟ ಆದ್ರೂ ಬರ್ತೀನಿ, ಆಗ್ದಿದ್ರೂ ಬರ್ತೀನಿ. ಇಷ್ಟ ಆಗ್ಲಿ ಅಂತಾನೇ ನಂಗೆ ಆಸೆ."

"ನೋಡೋಕೆ ಮಾತ್ರಾನಾ?"

"ನೋಡೋಕೆ. ಎತ್ಕೊಳೋಕೆ. ಆರ್ಮಡಿಲ್ಲೊ ಕತೆ ಹೇಳೋಕೆ."

ಟೆಸ್ಸಾ ಅತ್ತಳು. ಸದ್ದಿಲ್ಲದೆ, ಪರದೆಯ ಮೇಲೆ ಹನಿ ಬೀಳುವ ಹಾಗೆ ಅತ್ತಳು. ಸಿಲ್ಕೆ ಅವಳ ಬೆನ್ನು ಸವರಿದಳು. ಡಾರೆಲ್ ಫೋನ್ ಇಡಲಿಲ್ಲ. ಅಲ್ಲೇ ಕೂತಿದ್ದ. ಇವನ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ, ಅಷ್ಟೂ ಆ ಹೊತ್ತಿನಲ್ಲಿ ಇಳಿದುಹೋಯಿತು. ನಾವು ಮೂವರು ದೊಡ್ಡವರಲ್ಲಿ ಮಗುವಿಗೆ ನಿಜ ಹೇಳಿದವನು ಅವನೊಬ್ಬನೇ.

ಎಷ್ಟೋ ಹೊತ್ತಿನ ಮೇಲೆ ಟೆಸ್ಸಾ ಅವನೇ ಕಳಿಸಿದ ಟಿಶ್ಯೂ ಪೆಟ್ಟಿಗೆ ಹರಿದು ಮೂಗು ಒರೆಸಿಕೊಂಡಳು. ಕುರ್ಚಿಯಿಂದ ಇಳಿದು ಅಡುಗೆಮನೆಗೆ ಹೋದಳು. ಡ್ರಾಯರ್ ಎಳೆದ ಸದ್ದಾಯಿತು. ನಾನು ಸಿಲ್ಕೆಯ ಕೈ ಹಿಡಿದುಕೊಂಡೆ. ಟೆಸ್ಸಾ ಹೇಜಲ್ ಬೀಜದ ಬಾರು ಹಿಡಿದು ಬಂದು, ಫೋನಿನ ಮುಂದೆ ಕೂತು, ಕಾಗದ ಬಿಡಿಸಿದಳು. ಟಕ್ ಅಂತ ಮುರಿದಳು.

"ಸದ್ದು ಕೇಳಿಸ್ತಾ ಡ್ಯಾಡಿ?"

"ಕೇಳಿಸ್ತು," ಅಂದ ಅವನು. "ಅಗೀಬೇಡ. ಬೀಜ ಸಿಗೋವರ್ಗೂ ಬಾಯಲ್ಲೇ ಇಟ್ಕೋ."

ಬಾಯಿಗೆ ಹಾಕಿಕೊಂಡಳು. ಕೆನ್ನೆ ಒಂದು ಕಡೆ ಉಬ್ಬಿತು. ಅತ್ತು ಕೆಂಪಾಗಿದ್ದ ಕಣ್ಣು ಮೊದಲು ಚಾವಣಿ ನೋಡಿತು, ಆಮೇಲೆ ಅಗಲವಾಯಿತು.

"ಹೇಗಿದೆ?" ಕೇಳಿದ ಡಾರೆಲ್.

"ಮಾತಾಡಿಸ್ಬೇಡ. ಕರಗ್ತಾ ಇದೆ."

ಟೆಕ್ಸಸ್ಸಿನಲ್ಲಿ ಅವನು ಕಾದ, ಇಲ್ಲಿ ನಾವಿಬ್ಬರು ಕಾದೆವು. ಕಟುಂ ಅಂತ ಬೀಜ ಕಡಿದ ಸದ್ದು ಬಂತು. ಅವಳು ನುಂಗಿದಳು, ತುಟಿ ನೆಕ್ಕಿದಳು, ಇನ್ನೊಂದು ತುಂಡು ಮುರಿದು ಕೈಯಲ್ಲಿ ಸಿದ್ಧವಾಗಿ ಹಿಡಿದುಕೊಂಡಳು.

"ಡ್ಯಾಡಿ," ಅಂದಳು ಮೆಲ್ಲಗೆ. "ನಿಂದಕ್ಕಿಂತ ಇದೇ ಚೆನ್ನಾಗಿದೆ."

"ಗೊತ್ತು ಕಂದಾ," ಅಂದ ಡಾರೆಲ್.

ಈ ಮಾತನ್ನು ಕೇಳಬೇಕು ಅಂತ ನಾನು ಚಳಿಗಾಲದಿಂದ ಬಾಯಿ ಬಿಟ್ಟುಕೊಂಡು ಕಾದಿದ್ದೆ. ಕೇಳಿದ ಮೇಲೆ ಕುಣಿಯಬೇಕಿತ್ತು. ಬದಲಿಗೆ ಆ ಪರದೆಯಲ್ಲಿ ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡದ್ದು ಕಂಡಿತು. ಟಿಶ್ಯೂ ಎಲ್ಲಾ ಇಲ್ಲಿಗೆ ಕಳಿಸಿ ಕೂತಿದೆ ಬಡಪಾಯಿ. ನಾನು ಫೋನನ್ನು ನನ್ನ ಕಡೆ ಎಳೆದುಕೊಂಡೆ.

"ಡಾರೆಲ್, ನಿನ್ನ ಅಡ್ರೆಸ್ ಹೇಳು."

"ಯಾಕೆ ಮ್ಯಾಮ್?"

"ಯಾಕೆ ಅಂದ್ರೆ? ಡ್ರಾಯರ್ ತುಂಬಾ ಇದೆ, ನಾವು ಮೂರು ಹೆಂಗಸರು ಎಷ್ಟು ಅಂತ ತಿನ್ನೋಣ? ನಾಳೆ ಬೆಳಿಗ್ಗೆನೇ ಪೋಸ್ಟ್ ಮಾಡ್ತೀನಿ."

"ಇಲ್ಲಿ ಸುಡು ಬಿಸಿಲು ಮ್ಯಾಮ್. ತಲುಪೋ ಅಷ್ಟರಲ್ಲಿ ಕರಗಿ ನೀರಾಗಿರತ್ತೆ."

"ಕರಗಿದ್ರೆ ಚಮಚದಲ್ಲಿ ತಿನ್ನೋ ಹೊಟ್ಟೆಬಾಕ! ಅದನ್ನೂ ನಾನೇ ಹೇಳಿಕೊಡ್ಬೇಕಾ?"

ಅವನು ಅಡ್ರೆಸ್ ಹೇಳಿದ, ಸಿಲ್ಕೆ ಬರೆದುಕೊಂಡಳು. ಅಷ್ಟರಲ್ಲಿ ಟೆಸ್ಸಾ ಅಡುಗೆಮನೆಗೆ ಓಡಿಹೋಗಿ, ತಾನು ಊಟ ಮಾಡುವ ಪುಟ್ಟ ಚಮಚವನ್ನು ತಂದು ನನ್ನ ಕೈಯಲ್ಲಿಟ್ಟಳು. ಇದನ್ನೂ ಪಾರ್ಸಲ್ಲಿನಲ್ಲಿ ಹಾಕು ಓಮಾ, ಕ್ರಿಸ್‌ಮಸ್‌ಗೆ ಬರುವಾಗ ವಾಪಸ್ ತರಲಿ ಅಂದಳು.